ಗುಂಯ್ ಅಂತ ಬಂದವನೇ, ನೀನು ಯಾರ ಪೈಕಿ?

ನಮ್ಮ ಕರಾವಳಿ ಕಡೆ ಅಂಗಳಕ್ಕೆ ಹೊಸಬರು ಬಂದರೆ ಮೊದಲು ನೀರು-ಬೆಲ್ಲ, ಆಮೇಲೆ ಒಂದು ಪ್ರಶ್ನೆ: "ನೀವು ಯಾರ ಪೈಕಿ?" ಹೆಸರು ಗೊತ್ತಾಗದಿದ್ದರೂ ನಡೆಯುತ್ತದೆ, ಪೈಕಿ ಗೊತ್ತಾಗಬೇಕು. ಇಂಥವರ ಮೊಮ್ಮಗ, ಇಂಥವರ ಅಳಿಯನ ತಮ್ಮ ಅಂತ ಎಲ್ಲಾದರೂ ಒಂದು ಎಳೆ ಸಿಕ್ಕಿದ ಮೇಲೆಯೇ ಮಾತು ಮುಂದುವರಿಯುವುದು.

1984ರಲ್ಲಿ ನಾನು ಬಸ್ಸು ಹತ್ತಿ ಮುಂಬಯಿಗೆ ಬಂದಾಗ ಬಹಳ ಹಿಡಿಸಿದ್ದು ಇಲ್ಲಿ ಆ ಪ್ರಶ್ನೆ ಇಲ್ಲದ್ದು. ಲೋಕಲ್ ರೈಲಿನಲ್ಲಿ ವರ್ಷಗಟ್ಟಲೆ ಎದುರು-ಬದುರು ಕೂತವನಿಗೂ ನನ್ನ ಹೆಸರು ಗೊತ್ತಿಲ್ಲ, ನನಗೂ ಅವನದ್ದು ಗೊತ್ತಿಲ್ಲ. ಊರಲ್ಲಿ ಸಿನಿಮಾ ನೋಡಿದರೆ ಮನೆ ಮುಟ್ಟುವುದರೊಳಗೆ ಅಪ್ಪನಿಗೆ ಸುದ್ದಿ ಮುಟ್ಟುತ್ತಿತ್ತು. ಇಲ್ಲಿ ಕೇಳುವವರಿಲ್ಲ. ಇದನ್ನೇ ಈಗ ಖಾಸಗಿತನ ಅನ್ನುತ್ತಾರೆ, ಆಗ ನಾವು ಬರೀ "ಆರಾಮ" ಅನ್ನುತ್ತಿದ್ದೆವು.

ಆದರೆ ಮನುಷ್ಯನ ಬುದ್ಧಿ ನೋಡಿ. ಅದೇ ಮುಂಬಯಿಯ ಸಿಗ್ನಲ್‌ನಲ್ಲಿ ಕೆಎ-19 ಅಥವಾ ಕೆಎ-20 ಅಂತ ನಂಬರ್ ಪ್ಲೇಟ್ ಕಂಡರೆ ಇವತ್ತಿಗೂ ಕುತ್ತಿಗೆ ಉದ್ದ ಮಾಡಿ ಒಳಗೆ ಯಾರಿದ್ದಾರೆ ಅಂತ ನೋಡುತ್ತೇನೆ. ಮಂಗಳೂರಿನವರು, ಉಡುಪಿಯವರು, ಅಂದರೆ "ನಮ್ಮ ಪೈಕಿ"! ನನ್ನನ್ನು ಯಾರೂ ಕೇಳಬಾರದು, ಆದರೆ ಬೇರೆಯವರು ಯಾರು ಅಂತ ನನಗೆ ಗೊತ್ತಾಗಬೇಕು. ಈ ಎರಡು ಆಸೆಗಳು ಒಂದೇ ತಲೆಯೊಳಗೆ ಜಗಳವಿಲ್ಲದೆ ಬಾಳುವೆ ಮಾಡಿಕೊಂಡಿದ್ದವು, ನಮ್ಮ ಕಿಟಕಿಗೆ ಡ್ರೋನ್ ಬರುವ ತನಕ.

ನಾವಿರುವುದು ಡೊಂಬಿವಲಿಯ ಒಂದು ಸೊಸೈಟಿಯಲ್ಲಿ, ಏಳನೇ ಮಹಡಿ. ಚಾಳ್‌ನ ಒಂದು ಕೋಣೆಯಿಂದ ಶುರು ಮಾಡಿದವರಿಗೆ ಏಳನೇ ಮಹಡಿ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎದುರು ಬಿಲ್ಡಿಂಗ್ ಇಲ್ಲ. ಪರದೆ ಎಳೆಯದೆ ಓಡಾಡಬಹುದು. ನನ್ನ ಹೆಂಡತಿ ಸಾಲ ತೀರಿದ ದಿನ ಹೇಳಿದ್ದು ಇಷ್ಟೇ: "ಇನ್ನು ಮೇಲೆ ಕಿಟಕಿ ತೆಗೆದಿಟ್ಟೇ ಮಲಗುವುದು." ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಮುಸ್ಸಂಜೆ ಅವಳು ಬಟ್ಟೆ ತೆಗೆಯುತ್ತಿದ್ದಾಗ ಗುಂಯ್ ಅಂತ ಸದ್ದು. ಕಿಟಕಿಯಿಂದ ಹತ್ತು ಅಡಿ ದೂರದಲ್ಲಿ ಕೆಂಪು-ಹಸಿರು ದೀಪದ ಒಂದು ವಸ್ತು ನಿಂತುಬಿಟ್ಟಿದೆ. ಒಳಗೆ ಮಗಳು ಬಾಣಂತಿ. ಎರಡು ದಿನ ಬಿಟ್ಟು ಮತ್ತೆ ಬಂತು, ಈ ಸಲ ಮಗಳ ಕೋಣೆಯ ಕಿಟಕಿಗೇ. ಅವಳು ಮಗುವಿಗೆ ಹಾಲೂಡಿಸುತ್ತಿದ್ದಳು.

ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವರು ಸಮಾಧಾನದಿಂದಲೇ ಕೇಳಿಸಿಕೊಂಡರು, ಆಮೇಲೆ ಕೇಳಿದರು: "ನಂಬರ್ ನೋಡಿದ್ರಾ?" ಸೈಕಲ್, ಸ್ಕೂಟರ್ ಕಳೆದವರಿಗೆ ಕೇಳುವ ಪ್ರಶ್ನೆ. ಕಾನೂನು ಇಲ್ಲ ಅಂತಲ್ಲ. ಐಟಿ ಕಾಯ್ದೆಯ 66ಇ ಇದೆ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೆ ಮೂರು ವರ್ಷದವರೆಗೆ ಜೈಲು. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಇದೆ, ಹೆಣ್ಣುಮಕ್ಕಳನ್ನು ಖಾಸಗಿ ಹೊತ್ತಿನಲ್ಲಿ ಕದ್ದು ನೋಡುವವರಿಗೆ. ಆದರೆ ಯಾರ ಮೇಲೆ ಹಾಕುವುದು? ಆಕಾಶದ ಮೇಲೆ ದೂರು ಬರೆದುಕೊಳ್ಳಲು ಬರುತ್ತದೆಯೇ?

ಆಗಲೇ ನಾನು ಈ ನಂಬರಿನ ಹಿಂದೆ ಬಿದ್ದದ್ದು. ನಿವೃತ್ತನಾದವನಿಗೆ ಒಂದು ವಿಷಯ ತಲೆಗೆ ಹೊಕ್ಕರೆ ಕೇಳಬೇಕೇ!

ನಂಬರಿನ ದೊಡ್ಡ ಕಥೆ ನಡೆದದ್ದು ಅಮೆರಿಕದಲ್ಲಿ. ನನ್ನ ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ, ಹವ್ಯಾಸಕ್ಕೆ ಡ್ರೋನ್ ಹಾರಿಸುತ್ತಾನೆ. ಅವನಿಂದ ಕೇಳಿದ್ದು ಸ್ವಲ್ಪ, ನಾನು ಓದಿಕೊಂಡದ್ದು ಸ್ವಲ್ಪ. ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ, 21 ಡಿಸೆಂಬರ್ 2015ರಿಂದ ಹವ್ಯಾಸಿಗಳೂ ನೋಂದಣಿ ಮಾಡಿಸಬೇಕು ಅಂದಿತು. 250 ಗ್ರಾಮಿಗಿಂತ ಹೆಚ್ಚು ತೂಗುವ ಡ್ರೋನ್‌ಗಳಿಗೆ. ಶುಲ್ಕ ಐದು ಡಾಲರ್, ಮೂರು ವರ್ಷಕ್ಕೆ. ಹವ್ಯಾಸಿಗೆ ಒಂದೇ ನಂಬರ್, ಅವನ ಹತ್ತಿರ ಎಷ್ಟು ಡ್ರೋನ್ ಇದ್ದರೂ ಎಲ್ಲಕ್ಕೂ ಅದೇ. ಅಂದರೆ ನಂಬರ್ ಯಂತ್ರಕ್ಕಲ್ಲ, ಮನುಷ್ಯನಿಗೆ. ಅಪ್ಪಟ "ಯಾರ ಪೈಕಿ"!

ಗದ್ದಲ ಆಗಲೇ ಶುರುವಾಯಿತು. ಆ ನಂಬರ್ ಹಾಕಿ ಹುಡುಕಿದರೆ ಹೆಸರು, ಮನೆ ವಿಳಾಸ ಯಾರಿಗೆ ಬೇಕಾದರೂ ಸಿಗುತ್ತದಂತೆ ಅಂತ ಸುದ್ದಿ ಹರಡಿತು. ದೊಡ್ಡ ವಿಮಾನಗಳ ಬಾಲದ ನಂಬರ್ ಹಾಕಿ ಮಾಲೀಕನ ವಿವರ ನೋಡುವ ಪದ್ಧತಿ ಅಲ್ಲಿ ಮೊದಲಿನಿಂದಲೂ ಇತ್ತು. ಆದರೆ ವಿಮಾನ ಇಟ್ಟುಕೊಂಡವನು ಬೇರೆ, ಹಿತ್ತಲಲ್ಲಿ ಆಟಿಕೆ ಹಾರಿಸುವ ಹದಿಮೂರರ ಹುಡುಗ ಬೇರೆ ಅಲ್ವೆ? ಜಾನ್ ಟೇಲರ್ ಎಂಬ ಹವ್ಯಾಸಿಯೊಬ್ಬರು ನೋಂದಣಿಯನ್ನೇ ಪ್ರಶ್ನಿಸಿ ಕೋರ್ಟಿಗೆ ಹೋದರು. ಆಟದ ವಿಮಾನಗಳಿಗೆ ಹೊಸ ನಿಯಮ ಮಾಡಬಾರದು ಅಂತ 2012ರ ಕಾಯ್ದೆಯೇ ಹೇಳಿದೆಯಲ್ಲ ಎಂಬುದು ಅವರ ವಾದ. 19 ಮೇ 2017ರಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಹೌದು ಅಂದಿತು, ಹವ್ಯಾಸಿಗಳ ನೋಂದಣಿ ಬಿದ್ದುಹೋಯಿತು. ಸಂತೋಷ ಏಳು ತಿಂಗಳೂ ಬಾಳಲಿಲ್ಲ. ಅದೇ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು ರಕ್ಷಣಾ ಮಸೂದೆಯೊಳಗೆ ಒಂದು ಸಾಲು ಸೇರಿಸಿ ಅದನ್ನು ಮತ್ತೆ ಎಬ್ಬಿಸಿ ಕೂರಿಸಿತು.

ನಂಬರ್ ಎಲ್ಲಿ ಬರೆಯಬೇಕು ಎಂಬುದು ಇನ್ನೊಂದು ತಮಾಷೆ. ಮೊದಲು ಬ್ಯಾಟರಿ ಇಡುವ ಗೂಡಿನೊಳಗೆ ಬರೆದರೂ ಸಾಕಿತ್ತು. 25 ಫೆಬ್ರವರಿ 2019ರಿಂದ ಹೊರಮೈ ಮೇಲೇ ಕಾಣಬೇಕು ಅಂತಾಯಿತು. ಕಾರಣ ನಮ್ಮ-ನಿಮ್ಮ ಕಿಟಕಿಯಲ್ಲ. ಬಿದ್ದ ಡ್ರೋನಿನ ನಂಬರ್ ನೋಡಲು ಪೊಲೀಸರು ಗೂಡು ತೆರೆದಾಗ ಒಳಗೆ ಸ್ಫೋಟಕ ಇಟ್ಟಿದ್ದರೆ ಗತಿಯೇನು ಎಂಬ ಭಯ. ಬ್ರಿಟನ್ನಿನಲ್ಲೂ ಮೈಮೇಲೆ ಐಡಿ ಬೇಕು, ಅಕ್ಷರ 3 ಮಿಲಿಮೀಟರಿಗಿಂತ ಎತ್ತರ ಇರಬೇಕು ಅಂತ ನಿಯಮ. 3 ಮಿಲಿಮೀಟರ್! ನಮ್ಮ ಮನೆಯ ಗುಳಿಗೆ ಪಟ್ಟಿಯ ಮೇಲಿನ ಎಕ್ಸ್‌ಪೈರಿ ತಾರೀಕನ್ನೇ ನಾನು ಕನ್ನಡಕ ಹಾಕಿಕೊಂಡು ಓದಲಾರೆ, ಇನ್ನು ಮುಸ್ಸಂಜೆಯಲ್ಲಿ ತೇಲುವ ಡ್ರೋನಿನ ಮೇಲೆ ಓದುವುದೇ? ಅಂದರೆ ಹೊರಗೆ ಬರೆದ ನಂಬರ್ ಕೆಲಸಕ್ಕೆ ಬರುವುದು ಡ್ರೋನ್ ಬಿದ್ದ ಮೇಲೆ ಮಾತ್ರ. ಹಾರುತ್ತಿರುವ ತನಕ ಅದು ಯಾರ ಪೈಕಿಯೂ ಅಲ್ಲ.

ಅದಕ್ಕೇ ಅಮೆರಿಕ ಮುಂದಿನ ಹೆಜ್ಜೆ ಇಟ್ಟಿತು. ರಿಮೋಟ್ ಐಡಿ. ಡ್ರೋನ್ ಹಾರುವಾಗ ತನ್ನ ಗುರುತಿನ ಸಂಖ್ಯೆ, ತಾನಿರುವ ಜಾಗ, ಎತ್ತರ, ವೇಗ ಇವನ್ನೆಲ್ಲ ರೇಡಿಯೋ ಮೂಲಕ ಕೂಗಿಕೊಂಡೇ ಹಾರಬೇಕು. ಹಾರಿಸುವವರಿಗೆ ಸೆಪ್ಟೆಂಬರ್ 2023ರಿಂದ ಕಡ್ಡಾಯ, ದಂಡದಿಂದ ಮಾರ್ಚ್ 2024ರವರೆಗೆ ವಿನಾಯಿತಿ ಇತ್ತು. ಹೆಸರನ್ನು ಅದು ಹೇಳುವುದಿಲ್ಲ. ಆದರೆ ಹಾರಿಸುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಹೇಳುತ್ತದೆ. ಹತ್ತಿರದಲ್ಲಿ ಮೊಬೈಲು ಹಿಡಿದವರು ಯಾರೂ ನೋಡಬಹುದು. ನನ್ನ ಅಳಿಯನ ಮಾತು: "ಮಾವ, ನಂಬರ್ ಅಂಟಿಸ್ಲಿಕ್ಕೆ ನಂಗೇನೂ ಬೇಜಾರಿಲ್ಲ. ಪಾರ್ಕಿನಲ್ಲಿ ಒಬ್ಬನೇ ನಿಂತಿರ್ತೇನೆ, ಯಾರಾದರೂ ಸಿಟ್ಟಿನಲ್ಲಿ ನೆಟ್ಟಗೆ ನನ್ನ ಹತ್ರವೇ ಬಂದರೆ? ಕಾರಿನ ನಂಬರ್ ಪ್ಲೇಟ್ ನನ್ನ ಮನೆ ದಾರಿ ಹೇಳೋದಿಲ್ಲವಲ್ಲ." ಅವನ ಮಾತಿನಲ್ಲೂ ಸತ್ಯ ಇದೆ. ಬಿಟ್ಟಿ ಸುದ್ದಿ ಇನ್ನೊಂದು: ಹವ್ಯಾಸಿಗಳ 250 ಗ್ರಾಮಿನೊಳಗಿನ ಡ್ರೋನ್‌ಗಳಿಗೆ ಅಲ್ಲಿ ಇದ್ಯಾವುದೂ ಬೇಡ. ಕಂಪನಿಗಳು ಸರಿಯಾಗಿ 249 ಗ್ರಾಮಿನ ಡ್ರೋನ್ ಮಾಡಿ ಮಾರುತ್ತಿವೆ, ಒಳ್ಳೆಯ ಕ್ಯಾಮರಾ ಸಮೇತ. ತಲೆಯ ಮೇಲೆ ಬಿದ್ದರೆ ಎಷ್ಟು ಪೆಟ್ಟಾಗುತ್ತದೆ ಅಂತ ತೂಕ ನೋಡಿ ಹೇಳಬಹುದು. ಕಿಟಕಿಯಲ್ಲಿ ಇಣುಕಿದರೆ ಎಷ್ಟು ಪೆಟ್ಟಾಗುತ್ತದೆ ಎಂಬುದಕ್ಕೆ ತಕ್ಕಡಿ ಇಲ್ಲ.

ನಮ್ಮ ದೇಶದ್ದೂ ಹೇಳಿಬಿಡುತ್ತೇನೆ. 2018ರ ಡಿಸೆಂಬರಿನಿಂದ ಜಾರಿಗೆ ಬಂದ ಮೊದಲ ನಿಯಮಗಳಲ್ಲಿ ಬೆಂಕಿಗೆ ಸುಡದ ಫಲಕದ ಮೇಲೆ ನಂಬರ್ ಕೆತ್ತಿಸಿ ಡ್ರೋನಿಗೆ ಜೋಡಿಸಬೇಕು ಅಂತ ಇತ್ತು. ಆಮೇಲೆ ಬಂದದ್ದು 25 ಆಗಸ್ಟ್ 2021ರ ಡ್ರೋನ್ ನಿಯಮಗಳು. ನೋಂದಣಿ ಶುಲ್ಕ ನೂರು ರೂಪಾಯಿ, ತಪ್ಪಿದರೆ ದಂಡ ಒಂದು ಲಕ್ಷದವರೆಗೆ. ಕೊಡುವ ವಿಶಿಷ್ಟ ಸಂಖ್ಯೆಯನ್ನು ಡ್ರೋನಿನ ಮತ್ತು ರಿಮೋಟಿನ ಸೀರಿಯಲ್ ನಂಬರುಗಳಿಗೆ ಗಂಟು ಹಾಕುತ್ತಾರೆ, ಗಾಡಿಯ ಚಾಸಿ ನಂಬರ್ ಇದ್ದ ಹಾಗೆ. ವಿದೇಶಿ ಡ್ರೋನ್ ತರಿಸುವುದಕ್ಕೆ ಫೆಬ್ರವರಿ 2022ರಿಂದ ನಿಷೇಧವೂ ಇದೆ. ಎಲ್ಲ ಸರಿ, ಆದರೆ ಈ ನಿಯಮಗಳ ಕಣ್ಣು ಹೆಚ್ಚಾಗಿ ಆಕಾಶದ ಮೇಲೆ, ವಿಮಾನ ನಿಲ್ದಾಣದ ಮೇಲೆ. 2023ರ ಡೇಟಾ ರಕ್ಷಣೆ ಕಾಯ್ದೆಯೋ, ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೆ, ಮನೆ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ತಾನು ಅನ್ವಯಿಸುವುದೇ ಇಲ್ಲ ಅನ್ನುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದ್ದು 24 ಆಗಸ್ಟ್ 2017ರಂದು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ಮೇಲೆ, ಆಧಾರ್ ಪ್ರಶ್ನಿಸಿ ಹೋದವರು. 2024ರಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಎಲ್ಲರಿಗೂ ಸೇರಿದ್ದು. ಕಿಟಕಿಯ ಒಳಗಿರುವ ನನ್ನ ಮಗಳಿಗೂ, ಕೆಳಗೆ ನಿಂತು ಡ್ರೋನ್ ಹಾರಿಸುವವನಿಗೂ. ಇಕ್ಕಟ್ಟು ಇರುವುದು ಅಲ್ಲೇ.

ಇದು ನಮ್ಮ ಸೊಸೈಟಿ ಮೀಟಿಂಗಿನಲ್ಲೇ ಕಂಡಿತು. ನಮ್ಮಲ್ಲಿ ಡ್ರೋನ್ ಇದ್ದದ್ದು ಒಬ್ಬನ ಹತ್ತಿರ, ನಾಲ್ಕನೇ ಮಹಡಿಯ ಕಾಲೇಜು ಹುಡುಗ. ನಮ್ಮ ಕಿಟಕಿಗೆ ಬಂದದ್ದು ಅವನದ್ದಲ್ಲ, ಆ ಎರಡೂ ಸಂಜೆ ಅವನು ಊರಲ್ಲೇ ಇರಲಿಲ್ಲ. ಆದರೂ ಎಲ್ಲರ ಕಣ್ಣು ಅವನ ಮೇಲೇ. ಕಮಿಟಿಯವರ ಸಲಹೆ: ಡ್ರೋನ್ ಮೇಲೆ ಫ್ಲಾಟ್ ನಂಬರ್ ದೊಡ್ಡದಾಗಿ ಬರೆಸಬೇಕು. ಚಪ್ಪಾಳೆಯೂ ಬಿತ್ತು. ಆಗ ಹುಡುಗನ ತಾಯಿ ಎದ್ದು ನಿಂತರು. ಅವರು ಮಗನೊಂದಿಗೆ ಒಬ್ಬರೇ ಇರುವವರು. "ಕೆಳಗಿನ ಬೋರ್ಡಿನಲ್ಲೂ ನಾನು ಹೆಸರು ಹಾಕಿಸಿಲ್ಲ. ಯಾಕೆ ಅಂತ ನಿಮಗೆ ಗೊತ್ತಿದೆ. ನನ್ನ ಮನೆ ನಂಬರ್ ಹೊತ್ತುಕೊಂಡು ಅದು ಊರೆಲ್ಲ ತಿರುಗಬೇಕಾ?" ಸಭೆ ತೆಪ್ಪಗಾಯಿತು.

ನಾನು ಎದ್ದು ನನ್ನ ಹರುಕು ಮರಾಠಿಯಲ್ಲಿ ಹೇಳಿದೆ: ಗಾಡಿಯ ನಂಬರ್ ಎಲ್ಲರಿಗೂ ಕಾಣುತ್ತದೆ, ಯಾರದ್ದು ಅಂತ ಆರ್‌ಟಿಒಗೆ ಗೊತ್ತಿರುತ್ತದೆ. ಹಾಗೇ ಇಲ್ಲೂ ಮಾಡೋಣ. ಡ್ರೋನ್ ಮೇಲೆ ಸರ್ಕಾರ ಕೊಟ್ಟ ನಂಬರ್ ಇರಲಿ, ಫ್ಲಾಟ್ ನಂಬರ್ ಬೇಡ. ಯಾರದ್ದು ಎಂಬ ಚೀಟಿ ಸೆಕ್ರೆಟರಿಯ ಬೀಗ ಹಾಕಿದ ಕಪಾಟಿನಲ್ಲಿರಲಿ, ದೂರು ಬರೆದುಕೊಟ್ಟರೆ ಮಾತ್ರ ತೆಗೆಯಲಿ. ಯಾರು ತೆಗೆದರು ಎಂಬುದೂ ದಾಖಲಾಗಲಿ. ಹಾರಿಸುವುದು ಆಚೆ ಮೈದಾನದಲ್ಲಿ, ಹಗಲು ಹೊತ್ತಿನಲ್ಲಿ. ಕೊನೆಗೆ ಇದೇ ಪಾಸಾಯಿತು.

ಅದೇ ಉಮೇದಿನಲ್ಲಿ ಗೇಟಿನ ವಾಚ್‌ಮನ್ ಹತ್ತಿರ ಇರುವ ರಿಜಿಸ್ಟರಿನ ಮಾತೂ ತೆಗೆದೆ. ಬಂದವರ ಹೆಸರು, ಮೊಬೈಲ್ ನಂಬರ್, ಯಾರ ಮನೆಗೆ, ಎಷ್ಟು ಹೊತ್ತಿಗೆ ಎಲ್ಲ ಬರೆಸಿಕೊಂಡು ಹಗಲಿಡೀ ತೆರೆದಿಟ್ಟಿರುತ್ತಾರಲ್ಲ, ಡ್ರೋನಿಗಿಂತ ದೊಡ್ಡ ಇಣುಕು ಅದೇ ಅಲ್ವೆ ಅಂದೆ. ಎಲ್ಲರೂ ನಕ್ಕರು. ಚಹಾ ಬಂತು, ಮೀಟಿಂಗ್ ಮುಗಿಯಿತು.

ನಮ್ಮ ಕಿಟಕಿಗೆ ಬಂದವನು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ನಿಯಮಗಳೆಲ್ಲ ಬಂದು ಹಿಡಿಯುವುದು ನಾಲ್ಕನೇ ಮಹಡಿಯ ಹುಡುಗನಂಥವರನ್ನೇ, ನಂಬರ್ ಹಾಕು ಅಂದರೆ ಹಾಕುವವರನ್ನು. ಹಾಗಂತ ನಂಬರೇ ಬೇಡ ಅನ್ನಲಾರೆ. ಎಲ್ಲರಿಗೂ ನಂಬರ್ ಇದ್ದಾಗ ಮಾತ್ರ, ನಂಬರಿಲ್ಲದೆ ಬಂದವನು ಕಳ್ಳ ಅಂತ ಧೈರ್ಯವಾಗಿ ಹೇಳಬಹುದು.

ಹುಡುಗ ಈಗ ಭಾನುವಾರ ಮೈದಾನದಲ್ಲಿ ಹಾರಿಸುತ್ತಾನೆ. ಮೊನ್ನೆ ಮೊಮ್ಮಗನನ್ನು ಎತ್ತಿಕೊಂಡು ಹೋಗಿದ್ದೆ, ಅದು ಮೇಲೇರಿದಾಗ ಮಗು ಕೈ ಬಡಿದು ಕೇಕೆ ಹಾಕಿತು. ಮಗಳು ಮಾತ್ರ ಆ ಕೋಣೆಗೆ ದಪ್ಪ ಪರದೆ ಹಾಕಿಸಿಕೊಂಡಿದ್ದಾಳೆ. ನಿಮ್ಮ ಕಡೆ, ಪುಣೆಯಲ್ಲೋ ಹೈದರಾಬಾದಿನಲ್ಲೋ, ಸೊಸೈಟಿಗಳಲ್ಲಿ ಇದಕ್ಕೇನು ವ್ಯವಸ್ಥೆ ಮಾಡಿಕೊಂಡಿದ್ದೀರಿ? ಇದ್ದರೆ ತಿಳಿಸಿ, ಮುಂದಿನ ಮೀಟಿಂಗಿಗೆ ಬೇಕಾಗುತ್ತದೆ.