ಮುಲ್ಲಾಮಾರಿಯ ತೀರದಲ್ಲಿ

ಹಿಮದೇಶಗಳ ಜನರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಕುಳಿತು, ಮಂಜುಗಡ್ಡೆಯಲ್ಲಿ ರಂಧ್ರವನ್ನು ಕೊರೆದು ಗಾಳವನ್ನು ಇಳಿಬಿಡುವರೆಂದು ಓದಿದ್ದೇವೆ. ನಮ್ಮ ಸುಲೇಪೇಟದ ಸೀಮೆಯಲ್ಲಿ ಮಂಜುಗಡ್ಡೆಯ ಮಾತೇ ಇಲ್ಲ. ಆದರೆ ಮಿತ್ರರೊಡನೆ ನೀರಿನ ಅಂಚಿನಲ್ಲಿ ಕುಳಿತು ಋತುಗಳನ್ನೆಣಿಸುವ ಸುಖವು ಇಲ್ಲಿಯೂ ಉಂಟು.

ನಾವು ಮೂವರು ಜೊತೆಗಾರರು. ಒಬ್ಬರು ತೊಗರಿ ಬೆಳೆಯುವ ಗೃಹಸ್ಥರು. ಅವರ ತಂದೆಯವರು ನಿಜಾಮರ ಕಾಲದಲ್ಲಿ ಕೋವಿ ಹಿಡಿದು ಕಾಡು ತಿರುಗಿದವರು. ಇನ್ನೊಬ್ಬನು ನಮ್ಮ ಹಳೆಯ ಶಿಷ್ಯ, ಬಲೆಯನ್ನೇ ನಂಬಿದ ಮನೆತನದವನು. ನಾವು ಮೀನು ತಿನ್ನದವರು. ಬುತ್ತಿ ಹೊರುವುದೂ ಕಥೆ ಹೇಳುವುದೂ ನಮ್ಮ ಪಾಲಿನ ಕೆಲಸ.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಸಜ್ಜೆಯ ರೊಟ್ಟಿ, ಭಜ್ಜಿಗಳ ಊಟವಾದ ಮೇಲೆ ನಾವು ಚಿಂಚೋಳಿಯ ಕಾಡಿನ ದಿಕ್ಕಿಗೆ ಹೊರಡುವೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. 2011ರಲ್ಲಿ ಸುಮಾರು 135 ಚದರ ಕಿಲೋಮೀಟರಿನ ಅರಣ್ಯವು ವನ್ಯಜೀವಿಧಾಮವಾಯಿತು. ಕೃಷ್ಣಮೃಗ, ತೋಳ, ಕತ್ತೆಕಿರುಬಗಳಿಗೆ ಅದೀಗ ಆಶ್ರಯ. ಕೋವಿಯವರ ಮಗನಾದ ನಮ್ಮ ಮಿತ್ರರು ಧೂಳಿನಲ್ಲಿ ಗೊರಸಿನ ಗುರುತನ್ನು ಕಂಡರೆ ಮಗುವಿನಂತೆ ಹಿಗ್ಗುವರು. ಮನುವು ಮೃಗಯೆಯನ್ನು ಕಾಮಜವ್ಯಸನಗಳಲ್ಲಿ ಮೊದಲಿಗೇ ಎಣಿಸಿರುವನು. ಆದರೆ ಆ ಶಬ್ದದ ಧಾತುವಿಗೆ ಹುಡುಕುವುದೆಂದೇ ಅರ್ಥ. ನಮ್ಮ ಮಿತ್ರರಲ್ಲಿ ವ್ಯಸನವು ತೊಲಗಿ ಧಾತ್ವರ್ಥವು ಮಾತ್ರ ಉಳಿದಿದೆ!

ವೈಶಾಖದಲ್ಲಿ ಮುಲ್ಲಾಮಾರಿ ನದಿಯು ಅಲ್ಲಲ್ಲಿ ಮಡುಗಳಾಗಿ ಒಡೆಯುವುದು. ಕೊರವ ಮೀನು ಮಾತ್ರ ಅಂಥ ಕೊಳೆನೀರಿನಲ್ಲಿಯೂ ಬದುಕುವುದು. ಅದು ಮೇಲಕ್ಕೆ ಬಂದು ಗಾಳಿಯನ್ನೇ ನುಂಗಬಲ್ಲುದು. ಮೃಗಶಿರಾ ಮಳೆ ಬಿದ್ದೊಡನೆ ಕೆಂಪುನೀರು ಹರಿದು ಮಡುಗಳು ಒಂದುಗೂಡುವುವು. ನೀರು ಕಾಗಿಣಾ ನದಿಯನ್ನು ಸೇರಿ, ಮಳಖೇಡದ ಕೋಟೆಯ ಬಳಿಯಿಂದ ಭೀಮೆಯತ್ತ ಸಾಗುವುದು.

ಅಂಥದೊಂದು ಮಳೆಗಾಲದ ಬೆಳಿಗ್ಗೆ ದಡದ ಹುಲ್ಲಿನ ಬಳಿ ನೀರು ಕೆಂಪಗೆ ಕುದಿಯುವಂತೆ ಕಂಡಿತು. ನೋಡಿದರೆ ನೂರಾರು ಕೊರವದ ಮರಿಗಳು! ಅವುಗಳ ಕೆಳಗೆ ಹೆತ್ತ ಮೀನು ಕಾವಲು ಕಾಯುತ್ತಿರುವುದು. ಮರಿಗಳ ಹಿಂಡೇ ಬೆಸ್ತನಿಗೆ ಅದರ ಸುಳಿವು. ಶಿಷ್ಯನು ಗಾಳವನ್ನು ಅಣಿಗೊಳಿಸಿದನು. ನಾವು ತಡೆಯಲಾರದೆ, "ಬಿಟ್ಟುಬಿಡಪ್ಪಾ, ಮರಿಗಳಿವೆ," ಎಂದೆವು.

ಅವನು ತಿರುಗಿ ನೋಡಿ, "ಮಾಸ್ತರ್ರೀ, ನೀವು ತಿನ್ನಂಗಿಲ್ಲ, ಬಿಡಂತ ಹೇಳೂದು ನಿಮಗ ಹಗುರ ಅದ. ಇವತ್ತಿನ ಸಂತಿಗಿ ನಾ ಏನ್ ಒಯ್ಯಲಿ?" ಎಂದನು.

ನಮಗೆ ಉತ್ತರ ತೋಚಲಿಲ್ಲ. ಶಾಕುಂತಲದಲ್ಲಿ ಆಶ್ರಮದ ಜಿಂಕೆಯನ್ನು ಕೊಲ್ಲಬೇಡವೆಂದು ತಪಸ್ವಿಯು ಅರಸನನ್ನು ತಡೆಯುವುದನ್ನು ವರ್ಷವರ್ಷವೂ ಪಾಠ ಹೇಳಿದ್ದೆವು. ಅದೇ ನಾಟಕದಲ್ಲಿ ಬಡ ಬೆಸ್ತನು ತನ್ನ ಕುಲವೃತ್ತಿಯನ್ನು ಹಳಿಯಬೇಡಿರೆಂದು ಕಾವಲುಗಾರರಿಗೆ ಹೇಳುವ ಮಾತನ್ನು ಬೇಗ ದಾಟಿಹೋಗುತ್ತಿದ್ದೆವು. ಬೇಟೆ ಬಿಟ್ಟ ಅರಸನ ಅಡಿಗೆಮನೆಯಲ್ಲಿ ಒಲೆ ಆರದು. ಬೆಸ್ತನ ಮನೆಯ ಸಂಗತಿ ಬೇರೆ.

ಶಿಷ್ಯನು ಬಹಳ ಹೊತ್ತು ಆ ಕೆಂಪು ಹಿಂಡನ್ನೇ ನೋಡುತ್ತ ಕುಳಿತನು. ಬಳಿಕ ದಾರವನ್ನು ಸುತ್ತಿ, "ಇದು ಹೋದರ ಮರಿ ಉಳಿಯಂಗಿಲ್ಲ. ಮುಂದ ನನ್ನ ಮಕ್ಕಳು ಏನ್ ಹಿಡೀಬೇಕು?" ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡು ಎದ್ದನು. ಮುಂದಿನ ಮಡುವಿನಲ್ಲಿಯೂ ಅಂದು ಏನೂ ಸಿಕ್ಕಲಿಲ್ಲ. ಬಿಡೆಂದ ನಮಗೆ ಏನೂ ವೆಚ್ಚವಾಗಲಿಲ್ಲ; ಬಿಟ್ಟವನು ಬರಿಯ ಬುಟ್ಟಿ ಹೊತ್ತು ಮನೆಗೆ ಹೋದನು. ದಯೆಯ ಬೆಲೆಯನ್ನು ತೆತ್ತವನು ಅವನೇ.

ಆ ಚಳಿಗಾಲದಲ್ಲಿ ಅದೇ ಮಡುವಿಗೆ ಮತ್ತೆ ಹೋದೆವು. ನೀರು ತಿಳಿಯಾಗಿತ್ತು. ಶಿಷ್ಯನ ಗಾಳಕ್ಕೆ ಮೊಳದುದ್ದದ ಕೊರವ ಸಿಕ್ಕಿದಾಗ, ಮೀನು ತಿನ್ನದ ನಾವೇ ಎಲ್ಲರಿಗಿಂತ ಮೊದಲು "ಭಲೆ!" ಎಂದು ಕೂಗಿಬಿಟ್ಟೆವು.