ಟಾಫಿ ಅಲ್ಲ, ಜೋನಿಬೆಲ್ಲ

2009ರಲ್ಲಿ ಡೂಲಾಲಿ ಶುರುವಾದದ್ದು ನಮ್ಮ ಪುಣೆಯಲ್ಲೇ. ಈಗ ಇಲ್ಲಿ ಬಿಯರ್ ಕುಡಿಯುವವರಷ್ಟೇ ಅಲ್ಲ, ತೂಗಿ ನೋಡುವವರೂ ಇದ್ದಾರೆ. ತೀರ್ಪುಗಾರರ ಹಾಳೆಯಲ್ಲಿ 50 ಅಂಕ: ರುಚಿಗೆ 20, ಪರಿಮಳಕ್ಕೆ 12, ನೋಟಕ್ಕೆ ಬರೀ 3.

ಅಮೆರಿಕನ್ ಬ್ರೌನ್ ಏಲ್‌ಗೆ ಗೆಳೆಯರು ‘ಟಾಫಿ, ಹೇಜಲ್‌ನಟ್’ ಎಂದು ಬರೆದರು. ನನ್ನ ನಾಲಿಗೆಗೆ ಸಿಕ್ಕಿದ್ದು ಹುರಿದ ಶೇಂಗಾ, ಜೋನಿಬೆಲ್ಲ, ಕೊನೆಗೆ ಹಾಪ್ಸ್ ಬಿಟ್ಟ ಕಿತ್ತಳೆಸಿಪ್ಪೆಯ ಕಹಿ. ಹಾಗೇ ಬರೆದೆ. ‘ಜೋನಿ ಅಂದರೆ?’ ಎಂದ ಮರಾಠಿ ಗೆಳೆಯ. ‘ನಿಮ್ಮ ಕಾಕವಿ’ ಎಂದೆ. ಇನ್ನೊಂದು ಗುಟುಕು ಕುಡಿದು, ತನ್ನ ಟಾಫಿಯನ್ನು ಹೊಡೆದುಹಾಕಿದ.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿದರೆ ಮಾಲ್ಟ್. ಅಮ್ಮ ರಾಗಿಗೆ ಮಾಡುತ್ತಿದ್ದದ್ದೂ ಅದನ್ನೇ. ರುಚಿಯ ಬೇರು ಅಡುಗೆಮನೆಯಲ್ಲೇ ಇರುವಾಗ ಪದಗಳನ್ನು ಕಡ ತರುವುದೇಕೆ? ಹುರಿದ ಘಮ ಚೆನ್ನ, ಸಿಹಿ ತುಸು ಹೆಚ್ಚು: 50ಕ್ಕೆ 34 ಕೊಟ್ಟೆ.