ಹಲಸೂರಿನ ಆಡಿ ಕೃತ್ತಿಕೆ

ಬೆಂಗಳೂರು ದಂಡನ್ನು ಬಲ್ಲ ವಾಚಕರಿಗೆ ಹಲಸೂರಿನ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಅರಿಯದವರಿಗಾಗಿ ಎರಡು ಮಾತು. 1809ರಲ್ಲಿ ಇಂಗ್ಲಿಷರ ದಂಡು ಇಲ್ಲಿ ಬೀಡುಬಿಟ್ಟಾಗ ಅದರ ಬೆನ್ನಿಗೇ ತಮಿಳು ಸೀಮೆಯ ಸಿಪಾಯಿಗಳೂ ವರ್ತಕರೂ ಬಂದು ನೆಲಸಿದರು. ಅವರೊಡನೆ ಅವರ ಹರಕೆಗಳೂ ಬಂದವು. ಸೋಮೇಶ್ವರನ ಗುಡಿಯಾದರೋ ಅದಕ್ಕಿಂತ ಬಹಳ ಹಳೆಯದು. ಅಲ್ಲಿಂದ ಹೆಚ್ಚು ದೂರವಿಲ್ಲದೆ ಸುಬ್ರಹ್ಮಣ್ಯನ ಗುಡಿಯಿರುವುದರಿಂದ, ತಂದೆಮಕ್ಕಳಿಬ್ಬರೂ ಒಂದೇ ಪೇಟೆಯಲ್ಲಿ ಕನ್ನಡ ತಮಿಳುಗಳೆರಡರಲ್ಲಿಯೂ ಮೊರೆ ಕೇಳುತ್ತಿರುವರು.

2018ರ ಆಡಿ ಕೃತ್ತಿಕೆಯಂದು ನಾವು ಅಲ್ಲಿಗೆ ಹೋದುದು ನೋಟಕ್ಕಾಗಿ ಅಲ್ಲ. ನಮ್ಮ ಬೀದಿಯಲ್ಲಿ ಹೂ ಮಾರುವ ಹೆಂಗಸೊಬ್ಬಳು ಕರೆದಿದ್ದಳು. ಅವಳ ಮಗನಿಗೆ ಆಗ ಹನ್ನೊಂದು ವರ್ಷ. ಹಿಂದಿನ ವರ್ಷ ವಿಷಮಶೀತಜ್ವರದಲ್ಲಿ ಮಲಗಿ ಎದ್ದವನು. ಬದುಕಿದರೆ ಅವನ ಕೆನ್ನೆಗೆ ವೇಲು ಚುಚ್ಚಿಸುವೆನೆಂದು ತಾಯಿ ಹರಕೆ ಹೊತ್ತಿದ್ದಳು. ನಮ್ಮ ಕನ್ನಡದಲ್ಲಿ ಇದನ್ನೇ ಬಾಯಿಬೀಗವೆನ್ನುವರು. “ಹರಕೆ ನಂದು ಸ್ವಾಮಿ, ಆದರೆ ಬದುಕಿದ್ದು ಅವನಲ್ವಾ?” ಎಂಬುದು ಅವಳ ವಾದ.

ಮೆಟ್ರೋ ಇಳಿಯುತ್ತಲೇ ತಮಟೆಯ ಸದ್ದು ಕೇಳಿಸಿತು. ಹಳದಿ ಬಟ್ಟೆ ಉಟ್ಟವರು ಸಾಲುಗಟ್ಟಿ ಬರುತ್ತಿದ್ದರು. ಕೆಲವರ ಹೆಗಲ ಮೇಲೆ ನವಿಲುಗರಿಯ ಕಾವಡಿ; ಕೆಲವರ ತಲೆಯ ಮೇಲೆ ಹಾಲಿನ ಕೊಡ; ಕೆಲವರ ಎರಡು ಕೆನ್ನೆಗಳನ್ನೂ ಹಾದುಹೋದ ಸರಳು. ರಕ್ತವು ನಾವೆಣಿಸಿದಷ್ಟು ಕಾಣಲಿಲ್ಲ. ಚುಚ್ಚಿದೆಡೆಯಲ್ಲಿ ವಿಭೂತಿಯನ್ನು ಒತ್ತಿದ್ದರು. ತೆಳುವಾದ ಸೂಜಿ ಕೆನ್ನೆಯ ಮಾಂಸವನ್ನು ಹಾದರೆ ರಕ್ತ ಸಾಮಾನ್ಯವಾಗಿ ಬೇಗ ನಿಲ್ಲುವುದುಂಟು. ಅಪಾಯವು ಬೇರೆಡೆ ಇದೆ: ಮುಖದ ನರಕ್ಕೆ ತಗಲಬಹುದು, ಕೀವಾಗಬಹುದು, ಒಬ್ಬರ ಸೂಜಿ ಇನ್ನೊಬ್ಬರಿಗೆ ಬಳಕೆಯಾದರೆ ಹೆಪಟೈಟಿಸ್‌ನಂತಹ ರೋಗವೂ ಅಂಟಬಹುದು.

ಹುಡುಗನು ತಾಯಿಯ ಸೆರಗನ್ನು ಬಿಡಲಿಲ್ಲ. ಚುಚ್ಚುವ ಮುದುಕರು ಅವನನ್ನು ಒಮ್ಮೆ ನೋಡಿ, “ಹೊತ್ತವಳು ನೀನು, ಇವನ ಕೆನ್ನೆ ಯಾಕಮ್ಮಾ? ಮೀಸೆ ಬರಲಿ, ಅವನೇ ಬಂದು ಕೇಳಿದರೆ ನೋಡೋಣ. ಈಗ ಹಾಲಿನ ಕೊಡ ಹೊರಲಿ” ಎಂದುಬಿಟ್ಟರು. ಆಕೆ ಅತ್ತಳು, ದೇವರು ಮುನಿದಾನೆಂದಳು. ಮುದುಕರು ಕದಲಲಿಲ್ಲ. ಅವರಿಗೆ ಯಾವ ಕಾಯಿದೆಯ ತಿಳಿವಳಿಕೆಯಾದರೂ ಇದ್ದಿತೆಂದು ನಮಗೆ ತೋರಲಿಲ್ಲ.

ಕಾಯಿದೆ ಜಾರಿಗೆ ಬಂದುದು ಅನಂತರ. ಅಮಾನವೀಯ ಅನಿಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಕರ್ನಾಟಕ ಅಧಿನಿಯಮವು 2020ರ ಜನವರಿಯಲ್ಲಿ ಜಾರಿಯಾಯಿತು. ಬಾಯಿಬೀಗವೂ ಸಿಡಿಯೂ ಅದರ ಪಟ್ಟಿಯಲ್ಲಿವೆ. ಶಿಕ್ಷೆ ಒಂದರಿಂದ ಏಳು ವರ್ಷ. ವಿಚಿತ್ರವೆಂದರೆ, ಕೆಂಡ ಹಾಯುವ ವಿಷಯದಲ್ಲಿ ಅದು ಬಲವಂತವನ್ನು ಮಾತ್ರ ಹಳಿಯುವುದು; ಮಕ್ಕಳ ಕಿವಿ ಮೂಗು ಚುಚ್ಚುವುದನ್ನು ಬಿಟ್ಟುಕೊಡುವುದು. ಬಾಯಿಬೀಗಕ್ಕಾದರೋ ಬಲ್ಲ ವಯಸ್ಸಿನವನ ಒಪ್ಪಿಗೆಯೂ ಲೆಕ್ಕಕ್ಕಿಲ್ಲ. ಮಕ್ಕಳ ಮಟ್ಟಿಗೆ ನಾವು ಈ ಕಟ್ಟಳೆಯನ್ನು ಪೂರ್ಣವಾಗಿ ಒಪ್ಪುವೆವು; ಹಿರಿಯರ ಮಟ್ಟಿಗೆ ನಮ್ಮ ಮನಸ್ಸು ಅಷ್ಟು ಸುಲಭವಾಗಿ ಒಪ್ಪದು. ಸಿಂಗಪುರದಲ್ಲಿ ತೈಪೂಸದ ಕಾವಡಿ ಹೊರುವವರು ಮುಂಚಿತವಾಗಿ ಹೆಸರು ನೋಂದಾಯಿಸಿ, ಗೊತ್ತಾದ ನಿಯಮಗಳಿಗೆ ಒಳಪಟ್ಟು ನಡೆಯುವರು. ಹಾಗೆಂದು ನಿಷೇಧದಿಂದ ಒಳಿತೇ ಆಗದೆಂದಲ್ಲ. ಬೆನ್ನಿನ ಮಾಂಸಕ್ಕೆ ಕೊಕ್ಕೆ ಹಾಕಿ ತಿರುಗಿಸುವ ಸಿಡಿಯನ್ನು ಬಂಗಾಳದಲ್ಲಿ 1865ರಲ್ಲಿಯೇ ತಡೆದರು. ನಮ್ಮ ನಾಡಿನ ಕೆಲವು ಊರುಗಳಲ್ಲಿ ಈಚೆಗೆ ಸೊಂಟಕ್ಕೆ ಬಟ್ಟೆ ಬಿಗಿದು ತೂಗುವರು. ಜಾತ್ರೆಗೆ ಜನವೇನೂ ಕಡಮೆಯಾಗಿಲ್ಲ.

ಮೊನ್ನೆ ಆ ಹುಡುಗನು ಬೀದಿಯಲ್ಲಿ ಸಿಕ್ಕಿದನು. ಮೀಸೆ ಬಂದಿದೆ, ಕೆಲಸಕ್ಕೂ ಹೋಗುತ್ತಾನೆ. “ಆ ತಾತ ಹೇಳಿದ್ದರಲ್ಲ, ನಾನೇ ಕೇಳಿದರೆ ನೋಡೋಣ ಅಂತ. ಈಗ ನಾನೇ ಕೇಳ್ತೀನಿ” ಎಂದನು. ಕಾಯಿದೆಯ ಮಾತನ್ನು ನಾವು ತಿಳಿಸಿದೆವು. ಅವನು ಮೌನವಾಗಿ ಕೇಳಿದನೇ ಹೊರತು ಒಪ್ಪಿದಂತೆ ಕಾಣಲಿಲ್ಲ. ಹಿಂದೆ ಚುಚ್ಚಿಸಬೇಕೆಂದು ಅತ್ತ ತಾಯಿಯೇ ಈಗ ಬೇಡವೆನ್ನುತ್ತಿರುವಳು. ಅವರ ಮನೆಯ ಜಗಲಿಯ ಮೇಲೆ, ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ಕೊಡವನ್ನು ಆಕೆ ಬಿಸಿಲಿಗೆ ಬೋರಲಿಟ್ಟಿದ್ದಳು.